ಮೂರು ತಿಂಗಳಿಗೆ ಬೇಡ ತಂಗಿ, ವರ್ಷಕ್ಕೆ ಹೋಗಿ

ಪ್ರಶ್ನೆ: ಟೀಚರ್, ನಮಸ್ಕಾರ. ನನಗೆ 27 ವರ್ಷ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ನಾಲ್ಕು ವರ್ಷದಿಂದ ಖಾಸಗಿ ಹೈಸ್ಕೂಲಲ್ಲಿ ಗಣಿತ ಕಲಿಸುತ್ತಿದ್ದೇನೆ. ನಮ್ಮ ಚರ್ಚ್ ಸಭೆಯ ಮೂಲಕ ಘಾನಾ ದೇಶದ ಒಂದು ಮಿಷನ್ ಶಾಲೆಯಲ್ಲಿ ಸೇವೆ ಮಾಡುವ ಅವಕಾಶ ಬಂದಿದೆ. ಸಂಬಳ ಇಲ್ಲ, ಊಟ ವಸತಿ ಅವರದ್ದೇ. ಮೂರು ತಿಂಗಳಾದರೂ ಸರಿ, ಒಂದು ವರ್ಷವಾದರೂ ಸರಿ ಅಂತಾರೆ. ಮೂರು ತಿಂಗಳಾದರೆ ಇಲ್ಲಿನ ಕೆಲಸ ಉಳಿಯುತ್ತದೆ. ನೀವು ಅಲ್ಲಿ ಇದ್ದು ಬಂದವರು. ಏನು ಮಾಡಲಿ?
– ಒಬ್ಬ ಶಿಕ್ಷಕಿ, ಗದಗ

ಉತ್ತರ: ಹೋಗಿ ತಂಗಿ. ಆದರೆ ಮೂರು ತಿಂಗಳಿಗೆ ಬೇಡ. ನಾನು ಮೊದಲ ಸಲ ಹೋದದ್ದು ಮೂರೇ ತಿಂಗಳಿಗೆ. ಅದರಿಂದ ಏನಾಯಿತು ಅಂತ ಹೇಳುತ್ತೇನೆ, ಆಮೇಲೆ ನೀವೇ ಯೋಚನೆ ಮಾಡಿ.

ರಾಜಧಾನಿ ಅಕ್ರಾದಿಂದ ಉತ್ತರಕ್ಕೆ ಅಕುವಾಪೆಮ್ ಎಂಬ ಗುಡ್ಡಸಾಲು ಇದೆ. ಅಲ್ಲಿನ ಒಂದು ಶಾಲೆ. ನನಗೆ ಕೊಟ್ಟದ್ದು ಜೂನಿಯರ್ ಹೈಸ್ಕೂಲಿನ ಎರಡನೇ ವರ್ಷ, ನಮ್ಮ ಎಂಟನೇ ಕ್ಲಾಸಿನ ಹಾಗೆ. 43 ಮಕ್ಕಳು. ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಮಕ್ಕಳೇ ಅಂಗಳ ಗುಡಿಸುತ್ತಿದ್ದರು. ಕೈಯಲ್ಲಿ ನೋಡಿದರೆ ನಮ್ಮೂರಿನ ಹಿಡಿಸೂಡಿ! ತೆಂಗಿನದ್ದಲ್ಲ, ತಾಳೆಗರಿಯ ಕಡ್ಡಿಯದ್ದು. ಆ ಕರ್ ಕರ್ ಸದ್ದು ಕೇಳಿದ ಕೂಡಲೇ ನನಗೆ ಅದು ಪರದೇಶ ಅನ್ನಿಸಲೇ ಇಲ್ಲ.

ಕ್ಲಾಸಲ್ಲಿ ಏನು ಕೇಳಿದರೂ ಎಲ್ಲರೂ ಒಟ್ಟಿಗೆ "ಯೆಸ್ ಮೇಡಂ" ಅನ್ನುತ್ತಿದ್ದರು. ಎರಡು ವಾರ ನಾನು ಖುಷಿಯಲ್ಲೇ ಇದ್ದೆ. ಭಿನ್ನರಾಶಿಯ ಟೆಸ್ಟ್ ಕೊಟ್ಟೆ. ಅರ್ಧಕ್ಕಿಂತ ಜಾಸ್ತಿ ಹಾಳೆಗಳು ಖಾಲಿ. ಒಂದು ಹುಡುಗಿಯ ನೋಟ್ ಬುಕ್ ತೆಗೆದು ನೋಡಿದೆ. ಬೋರ್ಡಿನಲ್ಲಿ ಬರೆದದ್ದೆಲ್ಲ ಮುತ್ತಿನಂಥ ಅಕ್ಷರದಲ್ಲಿತ್ತು. ನಾನು ಬಾಯಲ್ಲಿ ವಿವರಿಸಿದ ಒಂದು ಮಾತೂ ಅದರಲ್ಲಿರಲಿಲ್ಲ. ಪಕ್ಕದ ಕ್ಲಾಸಿನ ಮೇಷ್ಟ್ರು ಮೆಲ್ಲಗೆ ಹೇಳಿದರು: "ಮೇಡಂ, ನಿಮ್ಮ ಇಂಗ್ಲಿಷ್ ಅವರ ಕಿವಿಗೆ ಹೋಗುತ್ತಿಲ್ಲ. ಗೊತ್ತಾಗಲಿಲ್ಲ ಅಂತ ದೊಡ್ಡವರಿಗೆ ಹೇಳುವುದು ಹೇಗೆ ಅಂತ ಸುಮ್ನೆ ಇದ್ದಾರೆ."

ಮರುದಿನ ಅವರೇ ಬಂದು ಹಿಂದಿನ ಬೆಂಚಲ್ಲಿ ಕೂತರು. ನಾನು ಒಂದು ಕಾಗದವನ್ನು ನಾಲ್ಕಾಗಿ ಮಡಚಿ, ಮೂರು ಭಾಗಕ್ಕೆ ಬಣ್ಣ ಹಾಕಿ, ಅದೇ ಹುಡುಗಿಯ ಕೈಗೆ ಕೊಟ್ಟೆ. ಮುಕ್ಕಾಲಿನ ಅರ್ಧ ತೋರಿಸು ಅಂದೆ. ಅವಳು ಕಾಗದವನ್ನು ಅಡ್ಡಕ್ಕೆ ಮಡಚಿದಳು. ಬಿಚ್ಚಿದಳು. ಬೆರಳಿಟ್ಟು ಎಣಿಸಿದಳು, ಎಂಟು ಮನೆ. ಅದರಲ್ಲಿ ಬಣ್ಣದ ಮೂರು ಮನೆ ಮುಟ್ಟಿದಳು. "ನಿನ್ನ ಭಾಷೆಯಲ್ಲಿ ಇವರಿಗೆ ಹೇಳು" ಅಂದೆ. ಚ್ವೀ ಭಾಷೆಯಲ್ಲಿ ಹೇಳಿದಳು. ಇಡೀ ಕ್ಲಾಸು "ಆ..." ಅಂತು. ನಾನು ಎರಡು ವಾರದಲ್ಲಿ ಕೇಳದಿದ್ದ ಸದ್ದು ಅದು.

ಪಾಠ ಹೀಗೆ ಹದಕ್ಕೆ ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಇನ್ನೊಂದು ತಿಂಗಳಿಗೆ ನಾನು ಹೊರಟೆ. "ಯಾವಾಗ ಬರ್ತೀರಿ?" ಅಂದರು. "ಬೇಗ" ಅಂದುಬಿಟ್ಟೆ. ಊರಿಗೆ ಬಂದ ಮೇಲೆ ಆ ಮೇಷ್ಟ್ರ ವಾಟ್ಸಾಪ್ ಬಂತು. ನಾನಿದ್ದೇನೆ ಅಂತ ಶಾಲೆಯವರು ಬೇರೆ ಗಣಿತ ಶಿಕ್ಷಕರನ್ನು ಕೇಳಿರಲಿಲ್ಲ. ಮುಂದಿನ ಇಡೀ ಟರ್ಮು ಆ ಮಕ್ಕಳಿಗೆ ಗಣಿತಕ್ಕೆ ಯಾರೂ ಇರಲಿಲ್ಲ. ಜೂನಿಯರ್ ಹೈಸ್ಕೂಲಿನ ಕೊನೆಗೆ ಅಲ್ಲಿ ಬಿ.ಇ.ಸಿ.ಇ. ಎಂಬ ಪಬ್ಲಿಕ್ ಪರೀಕ್ಷೆ ಇದೆ. ಮುಂದಿನ ಸೀಟು ಸಿಗುವುದು ಅದರ ಮೇಲೆ. ನಾನು ಹೋಗದೇ ಇದ್ದಿದ್ದರೆ ಅವರಿಗೆ ಯಾರಾದರೂ ಸಿಗುತ್ತಿದ್ದರೋ ಏನೋ. ಈ ಮಾತು ಇವತ್ತಿಗೂ ಚುಚ್ಚುತ್ತದೆ.

ಎರಡು ವರ್ಷ ಬಿಟ್ಟು ಮತ್ತೆ ಹೋದೆ. ಈ ಸಲ 14 ತಿಂಗಳು. ಒಂದೇ ಷರತ್ತು ಹಾಕಿದೆ: ಅಲ್ಲಿಯವರೇ ಆದ ಒಬ್ಬ ಶಿಕ್ಷಕರು ನನ್ನ ಜೊತೆಗೇ ಕ್ಲಾಸಲ್ಲಿರಬೇಕು. ಬಂದವರು ಆಗಷ್ಟೇ ತರಬೇತಿ ಮುಗಿಸಿದ ಹುಡುಗ. ನಾನು ಹೊರಟ ದಿನ ಅವರು ಪಾಠ ಮಾಡುತ್ತಿದ್ದರು. ಮಕ್ಕಳು ಕಿಟಕಿಯಿಂದ ಕೈ ಬೀಸಿ ಮತ್ತೆ ಬೋರ್ಡಿನ ಕಡೆ ತಿರುಗಿದರು. ಎಷ್ಟು ನೆಮ್ಮದಿಯಾಯಿತು ಗೊತ್ತಾ!

ಅದಕ್ಕೇ ಒಪ್ಪಿಕೊಳ್ಳುವ ಮೊದಲು ಶಾಲೆಯವರನ್ನೇ ಕೇಳಿ: ನಾನು ಬರದಿದ್ದರೆ ಈ ಕ್ಲಾಸು ಯಾರು ತೆಗೆದುಕೊಳ್ಳುತ್ತಾರೆ? ಹೋದ ಮೇಲೆ ಯಾರು? ಅಲ್ಲಿ ಮಿಷನ್ ಹೆಸರಿನ ಎಷ್ಟೋ ಶಾಲೆಗಳು ನಮ್ಮ ಅನುದಾನಿತ ಶಾಲೆಗಳ ಹಾಗೆ, ಶಿಕ್ಷಕರಿಗೆ ಸರ್ಕಾರವೇ ಸಂಬಳ ಕೊಡುತ್ತದೆ. ಪುಕ್ಕಟೆ ಬಂದ ನಿಮ್ಮಿಂದಾಗಿ ಅಲ್ಲಿಯವರೊಬ್ಬರ ಜಾಗ ಹೋಗಬಾರದು ಅಲ್ವಾ? ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ ಅಂದರೆ ಒಪ್ಪಬೇಡಿ. ನಿಮ್ಮ ಬಗ್ಗೆ ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಬೇಜಾರು ಬೇಡ. ಮಕ್ಕಳ ಬಗ್ಗೆ ಕಾಳಜಿ ಇರುವವರು ಕೇಳಲೇಬೇಕು.

ಇಲ್ಲಿನ ಕೆಲಸದ ವಿಷಯ. ಒಂದು ವರ್ಷ ಸಂಬಳವಿಲ್ಲದ ರಜೆ ಕೊಡುತ್ತಾರಾ ಅಂತ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ, ಮನೆ ನಿಮ್ಮ ಸಂಬಳದ ಮೇಲೇ ನಡೆಯುತ್ತಿದ್ದರೆ, ಈಗ ಹೋಗಬೇಡಿ. ನಾನು ಹೋದದ್ದು 50 ದಾಟಿದ ಮೇಲೆ.

ಪ್ರಶ್ನೆ: ನಮ್ಮ ಮಗ ಇಂಥದ್ದೇ ಸೇವೆಗೆ ಘಾನಾಕ್ಕೆ ಹೊರಟಿದ್ದಾನೆ. ಜ್ವರ, ಊಟ ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ.
– ಒಬ್ಬ ತಾಯಿ, ಉಡುಪಿ

ಉತ್ತರ: ಅಕ್ಕಾ, ಊಟದ ಚಿಂತೆ ಬಿಡಿ. ಮೆಕ್ಕೆಜೋಳದ ಹಿಟ್ಟನ್ನು ಹುಳಿ ಬರಿಸಿ, ಎಲೆಯಲ್ಲೋ ಮೆಕ್ಕೆಜೋಳದ ಸಿಪ್ಪೆಯಲ್ಲೋ ಕಟ್ಟಿ ಬೇಯಿಸುತ್ತಾರೆ. ಕೆಂಕೆ ಅಂತ ಹೆಸರು. ಬಿಚ್ಚಿದರೆ ನಮ್ಮ ಕೊಟ್ಟೆ ಕಡುಬಿನ ನೆನಪು. ಜೊತೆಗೆ ಹುರಿದ ಮೀನು, ಖಾರದ ಚಟ್ನಿ. ಮಗ ಸಸ್ಯಾಹಾರಿಯಾದರೆ ಮಾತ್ರ ಸ್ವಲ್ಪ ಕಷ್ಟ, ಸಾರಿಗೆಲ್ಲ ಒಣಮೀನು ಬಿದ್ದಿರುತ್ತದೆ. ಅನ್ನ, ಅಲಸಂದೆ, ಕರಿದ ಬಾಳೆ ಎಲ್ಲ ಕಡೆ ಸಿಗುತ್ತದೆ.

ಜ್ವರದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. 1828ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ನಾಲ್ವರು ಅಲ್ಲಿ ಇಳಿದರು. ಅದೇ ಮಿಷನ್ ನಮ್ಮ ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ನಾಲ್ವರಲ್ಲಿ ಮೂವರು ವರ್ಷ ತುಂಬುವ ಮೊದಲೇ ತೀರಿಕೊಂಡರು. ಈಗ ಔಷಧ ಇದೆ. ಮಲೇರಿಯಾ ತಡೆಯುವ ಮಾತ್ರೆ ಯಾವುದು, ಎಷ್ಟು ದಿನ ಅಂತ ಹೋಗುವ ಮೊದಲೇ ಡಾಕ್ಟರನ್ನು ಕೇಳಲಿ. ಸೊಳ್ಳೆಪರದೆ ಒಂದು ರಾತ್ರಿಯೂ ತಪ್ಪಬಾರದು. ಹಳದಿ ಜ್ವರದ ಲಸಿಕೆ ಇಲ್ಲದೆ ಘಾನಾದೊಳಗೆ ಬಿಡುವುದಿಲ್ಲ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು, ಹಾಕಿಸಿ 10 ದಿನ ಆದ ಮೇಲೆ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುತ್ತದೆ. ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಲಿ. ವಾಪಸ್ ಬರುವಾಗ ಅದಿಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕ ಇಡಬಹುದು.

ಪ್ರಶ್ನೆ: ನಾನು ಕ್ರೈಸ್ತನಲ್ಲ. ಮಿಷನ್ ಶಾಲೆಗೆ ಹೋದರೆ ಧರ್ಮ ಪ್ರಚಾರ ಮಾಡಬೇಕಾಗುತ್ತದಾ?
– ಒಬ್ಬ ಓದುಗ, ಪುತ್ತೂರು

ಉತ್ತರ: ಘಾನಾದಲ್ಲಿ ಹತ್ತರಲ್ಲಿ ಏಳು ಜನ ಆಗಲೇ ಕ್ರೈಸ್ತರು. ನಾವು ಹೋಗಿ ಹೇಳಿಕೊಡುವಂಥದ್ದೇನೂ ಇಲ್ಲ. ನಾನು ಚಿಕ್ಕವಳಿದ್ದಾಗ ಕನ್ನಡದಲ್ಲಿ ಕಲಿತ ಒಂದು ಕೀರ್ತನೆಯ ರಾಗವನ್ನು ಅಲ್ಲಿ ಚ್ವೀ ಭಾಷೆಯಲ್ಲಿ, ಡೋಲು ಬಾರಿಸಿ, ಕುಣಿದು ಹಾಡುವುದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಬೆಳಗಿನ ಪ್ರಾರ್ಥನೆಗೆ ನೀವು ಮಕ್ಕಳ ಜೊತೆ ನಿಲ್ಲಬೇಕಾಗುತ್ತದೆ. ಕೆಲವು ಮಿಷನ್‌ಗಳು ತಮ್ಮ ಸಭೆಯವರನ್ನು ಮಾತ್ರ ಕಳಿಸುತ್ತವೆ. ಮೊದಲೇ ಕೇಳಿ, ನಿಮ್ಮ ಧರ್ಮ ಯಾವುದು ಅಂತ ಮುಚ್ಚಿಡದೆ ಹೇಳಿ.

ನೀವು ಪುತ್ತೂರಿನವರಾದ್ದರಿಂದ ಒಂದು ಮಾತು. ಅಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರಿಡುತ್ತಾರೆ. ಶುಕ್ರವಾರದ ಗಂಡುಮಗು ಕೋಫಿ, ಶನಿವಾರದ್ದು ಕ್ವಾಮೆ. ಥೇಟ್ ನಮ್ಮ ತುಳುನಾಡಿನ ವಾರದ ಹೆಸರು ತುಕ್ರ, ತನಿಯರ ಹಾಗೆ! ನೀನು ಯಾವ ವಾರ ಹುಟ್ಟಿದ್ದು ಅಂತ ಮೊದಲ ದಿನವೇ ಕೇಳುತ್ತಾರೆ. ನನಗೆ ಗೊತ್ತಿರಲಿಲ್ಲ, ರಾತ್ರಿ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಬುಧವಾರವಂತೆ. ಮರುದಿನದಿಂದ ನಾನು ಮೇಡಂ ಅಕುವಾ. ನೀವು ಮನೆಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ.