ಜೀನ್ ರಿಪೋರ್ಟಿನಲ್ಲಿ ‘ಅರ್ಥ ಖಚಿತವಿಲ್ಲ’ ಅಂತ ಬಂದರೆ ಕಾಯಿಲೆ ಇಲ್ಲ ಅಂತಾನಾ?

ನೀವು ಬರೆದದ್ದು ಇಷ್ಟು. ನಿಮ್ಮ ತಂಗಿಯ ಮಗ, 11 ವರ್ಷ, ಅಘನಾಶಿನಿ ಹೊಳೆಯಲ್ಲಿ ಈಜುವಾಗ ಎಚ್ಚರ ತಪ್ಪಿದ. ಇಸಿಜಿ ನೋಡಿ ‘ಲಾಂಗ್ ಕ್ಯೂಟಿ’ ಅನ್ನುವ, ಹೃದಯದ ತಾಳ ತಪ್ಪಿಸುವ ಕಾಯಿಲೆ ಇರಬೇಕು ಅಂದರು, ಮಾತ್ರೆ ಶುರು ಮಾಡಿದರು. ಜೀನ್ ಪರೀಕ್ಷೆಯಲ್ಲಿ ಮಾತ್ರ ‘ಕೆಸಿಎನ್‌ಕ್ಯೂ1 ಜೀನಿನಲ್ಲಿ ಒಂದು ಬದಲಾವಣೆ ಇದೆ, ಅದರ ಅರ್ಥ ಖಚಿತವಿಲ್ಲ’ ಅಂತ ಬಂತು. ಹಾಗಾದರೆ ಮಾತ್ರೆ ನಿಲ್ಲಿಸಬಹುದಾ? ಅಮೆರಿಕದಲ್ಲಿ ಇದರ ಮೇಲೆ ಸಂಶೋಧನೆ ನಡೆಯುತ್ತಿದೆಯಂತೆ, ಅದರಿಂದ ಕುಮಟಾದ ಹುಡುಗನಿಗೆ ಏನು ಉಪಯೋಗ?

ಮೊದಲ ಪ್ರಶ್ನೆಗೆ ಉತ್ತರ: ನಿಲ್ಲಿಸಬೇಡಿ. ಒಂದು ದಿನವೂ ತಪ್ಪಿಸಬೇಡಿ. ಈಜುವಾಗ ಎಚ್ಚರ ತಪ್ಪಿದ್ದು, ಇಸಿಜಿಯಲ್ಲಿ ಕಂಡದ್ದು, ಇವೆರಡೂ ಆ ರಿಪೋರ್ಟಿಗಿಂತ ದೊಡ್ಡ ಸಾಕ್ಷಿ.

ನಾನು ವೈದ್ಯೆ ಅಲ್ಲ. ಊರು ಅಂಕೋಲಾ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಐದು ವರ್ಷ ಅಯಾನ್ ಚಾನೆಲ್‌ಗಳ ಕರೆಂಟ್ ಅಳೆಯುವ ಕೆಲಸ ಮಾಡಿದೆ. ಈಗ ಶಿರಸಿಯಲ್ಲಿ ಪಾಠ ಹೇಳುತ್ತೇನೆ. ಆ ಕೆಲಸಕ್ಕೆ ಹೋಗಿದ್ದೇ ನನ್ನ ಚಿಕ್ಕಪ್ಪನ ಮಗಳಿಂದಾಗಿ. ಪರೀಕ್ಷೆ ಸಮಯದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಅಲಾರಾಂ ಹೊಡೆದರೆ ಅವಳು ಏಳುತ್ತಿರಲಿಲ್ಲ, ಕೈಕಾಲು ಸೆಟೆದುಕೊಂಡು ಬಿದ್ದಿರುತ್ತಿದ್ದಳು. ಮನೆಯವರು ಕೈಗೆ ಬೀಗದ ಕೈ ಕೊಡುತ್ತಿದ್ದರು. ಫಿಟ್ಸ್ ಅಂತ ನಾಲ್ಕು ವರ್ಷ ಮಾತ್ರೆ ನುಂಗಿದಳು. ಆಮೇಲೆ ಬೇರೆ ಊರಿನ ಒಬ್ಬ ಡಾಕ್ಟರು ಸುಮ್ನೆ ಒಂದು ಇಸಿಜಿ ತೆಗೆಸಿದರು. ತೊಂದರೆ ಇದ್ದದ್ದು ಮಿದುಳಿನಲ್ಲಲ್ಲ, ಹೃದಯದಲ್ಲಿ. ಲಾಂಗ್ ಕ್ಯೂಟಿಯ ಎರಡನೇ ಬಗೆಯಲ್ಲಿ ಹೀಗೆ ದಿಢೀರ್ ಸದ್ದೇ ಅಪಾಯ. ನಿಮ್ಮ ಹುಡುಗನ ಜೀನಿಗೆ ಸೇರಿದ ಮೊದಲನೇ ಬಗೆಯಲ್ಲಿ ಓಟ, ಅದರಲ್ಲೂ ಈಜು. ಅದಕ್ಕೇ ನಿಮ್ಮ ಪ್ರಶ್ನೆ ಓದಿದ ತಕ್ಷಣ ಬರೆಯಲು ಕೂತೆ.

ಚಾನೆಲ್ ಅಂದರೆ ಜೀವಕೋಶದ ಗೋಡೆಯಲ್ಲಿರುವ ಸಣ್ಣ ಬಾಗಿಲು. ನೀವು ಕುಮಟಾದವರು, ಗಜನಿ ಗದ್ದೆ ನೋಡಿರುತ್ತೀರಿ. ಭರತದಲ್ಲಿ ಕಟ್ಟೆಯ ಹಲಗೆ ಬಾಗಿಲಿನಿಂದ ನೀರು ಒಳಗೆ ಬರುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ. ಹೃದಯದ ಕೋಶದಲ್ಲೂ ಹಾಗೇ. ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗಿದಾಗ ಬಡಿತ. ಪೊಟ್ಯಾಸಿಯಂ ಹೊರಗೆ ಹೋದಾಗ ಬಿಡುವು. ಹೊರಗೆ ಬಿಡುವ ಬಾಗಿಲುಗಳಲ್ಲಿ ಒಂದನ್ನು ಕಟ್ಟುವುದು ಕೆಸಿಎನ್‌ಕ್ಯೂ1. ಅದು ಸರಿಯಾಗಿ ತೆರೆಯದಿದ್ದರೆ ಗಜನಿ ನಿಧಾನ ಬರಿದಾಗುತ್ತದೆ. ಇಸಿಜಿ ಗೆರೆಯಲ್ಲಿ ಕ್ಯೂ ಅನ್ನುವ ತಿರುವಿನಿಂದ ಟಿ ಅನ್ನುವ ಉಬ್ಬಿನವರೆಗೆ ಅಳೆಯುವುದು ಹೆಚ್ಚುಕಡಿಮೆ ಈ ಹೊತ್ತನ್ನೇ. ಸುಮ್ಮನೆ ಕೂತಾಗ ಹೇಗೋ ನಡೆಯುತ್ತದೆ. ಈಜುವಾಗ ಬಡಿತ ಜೋರಾಗುತ್ತದೆ, ಗಜನಿ ಬರಿದಾಗುವ ಮೊದಲೇ ಇನ್ನೊಂದು ಭರತ ಬರುತ್ತದೆ. ಆಗ ತಾಳ ತಪ್ಪುತ್ತದೆ, ಮಿದುಳಿಗೆ ರಕ್ತ ಹೋಗುವುದಿಲ್ಲ, ಮಗು ಬೀಳುತ್ತದೆ. ಎಷ್ಟೋ ಸಲ ಕೆಲವೇ ಸೆಕೆಂಡಿನಲ್ಲಿ ತಾನಾಗಿ ಸರಿಹೋಗುತ್ತದೆ. ಹೋಗದಿದ್ದರೆ ಜೀವವೇ ಹೋಗುತ್ತದೆ.

ಇನ್ನು ‘ಅರ್ಥ ಖಚಿತವಿಲ್ಲ’ ಅಂದರೆ ಏನು? ಕೆಸಿಎನ್‌ಕ್ಯೂ1 ಹೇಳಿಕೊಡುವ ಪ್ರೋಟೀನು 676 ಅಮೈನೋ ಆಮ್ಲಗಳ ಸರ. ಒಂದು ಮಣಿ ಬದಲಾದರೆ ಕೆಲವು ಸಲ ಏನೂ ಆಗುವುದಿಲ್ಲ, ಕೆಲವು ಸಲ ಬಾಗಿಲೇ ಕೆಡುತ್ತದೆ. ಅದೇ ಬದಲಾವಣೆ ಬೇರೆ ರೋಗಿಗಳಲ್ಲಿ ಕಂಡಿದ್ದರೆ, ಅಥವಾ ಆರೋಗ್ಯವಾಗಿರುವ ಎಷ್ಟೋ ಜನರಲ್ಲಿ ಕಂಡಿದ್ದರೆ, ತೀರ್ಮಾನ ಸುಲಭ. ಆದರೆ ಹೋಲಿಸಿ ನೋಡುವ ಮಾಹಿತಿಯಲ್ಲಿ ಯುರೋಪ್ ಮೂಲದವರದ್ದೇ ಜಾಸ್ತಿ. ನಮ್ಮ ಕಡೆಯವರ ಜೀನುಗಳು ಅಲ್ಲಿ ಕಡಿಮೆ. ಹಾಗಾಗಿ ನಮ್ಮ ಮಕ್ಕಳಿಗೆ ‘ಖಚಿತವಿಲ್ಲ’ ಅನ್ನುವ ಉತ್ತರ ಬರುವುದೂ ಜಾಸ್ತಿ. ನನಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತದೆ.

ನೀವು ಕೇಳಿದ ಸಂಶೋಧನೆ ಉಪಯೋಗಕ್ಕೆ ಬರುವುದು ಇಲ್ಲೇ. ಊಹೆ ಮಾಡುವ ಬದಲು ಆ ಬಾಗಿಲನ್ನೇ ಕಟ್ಟಿ ಅಳೆಯುವುದು. ಈ ಅಳತೆ ಶುರುವಾದದ್ದು ನಮ್ಮ ಕಡೆ ಮಾಣಕಿ, ಮಂಗಳೂರು ಕಡೆ ಬೊಂಡಾಸ್ ಅನ್ನುವ ಕಡಲ ಪ್ರಾಣಿ ಸ್ಕ್ವಿಡ್‌ನಿಂದ. ಅದರ ಮೈಯಲ್ಲಿ ಅರ್ಧ ಮಿಲಿಮೀಟರಿನಷ್ಟು ದಪ್ಪದ ನರ ಇದೆ. ಅದರೊಳಗೆ ತಂತಿ ತೂರಿಸಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಅನ್ನುವ ವಿಜ್ಞಾನಿಗಳು ಸೋಡಿಯಂ, ಪೊಟ್ಯಾಸಿಯಂ ಓಡಾಟದ ಲೆಕ್ಕ ಹಾಕಿದರು. 1952ರಲ್ಲಿ ಅದು ಪ್ರಕಟವಾಯಿತು, 1963ರಲ್ಲಿ ನೊಬೆಲ್ ಬಂತು. 1976ರಲ್ಲಿ ನೇಯರ್ ಮತ್ತು ಸಾಕ್‌ಮನ್ ಗಾಜಿನ ಸೂಕ್ಷ್ಮ ಕೊಳವೆಯನ್ನು ಕೋಶದ ಮೇಲೆ ಒತ್ತಿ, ಒಂದೇ ಒಂದು ಚಾನೆಲಿನ ಕರೆಂಟ್ ಹಿಡಿದರು. ಅದೇ ಪ್ಯಾಚ್ ಕ್ಲ್ಯಾಂಪ್. ನಾನೂ ಅದನ್ನೇ ಮಾಡಿದ್ದು. ಒಳ್ಳೆಯ ದಿನವಾದರೆ ಎಂಟು ಕೋಶ ಸಿಗುತ್ತಿದ್ದವು, ಕೆಟ್ಟ ದಿನ ಒಂದೂ ಇಲ್ಲ. ಬದಲಾವಣೆಗಳೋ ಸಾವಿರಾರು.

ಆಲ್ಫ್ರೆಡ್ ಜಾರ್ಜ್ ಅನ್ನುವ ವಿಜ್ಞಾನಿ ಹೃದಯ ಮತ್ತು ಮಿದುಳು ಎರಡರ ಚಾನೆಲ್ ಕಾಯಿಲೆಗಳ ಮೇಲೂ ದಶಕಗಳಿಂದ ಕೆಲಸ ಮಾಡಿದ್ದಾರೆ, ಮೊದಲು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ, ನಂತರ ಶಿಕಾಗೋದ ನಾರ್ತ್‌ವೆಸ್ಟರ್ನ್‌ನಲ್ಲಿ. ಲಾಂಗ್ ಕ್ಯೂಟಿಯ ಮೂರನೇ ಬಗೆಯಲ್ಲಿ ಸೋಡಿಯಂ ಬಾಗಿಲು ಪೂರ್ತಿ ಮುಚ್ಚದೆ ಸೋರುತ್ತದೆ ಅಂತ 1995ರಲ್ಲಿ ತೋರಿಸಿದ ತಂಡದಲ್ಲಿ ಅವರಿದ್ದರು. 2018ರಲ್ಲಿ ಅವರ ತಂಡ ಯಂತ್ರದಿಂದ ನಡೆಯುವ ಪ್ಯಾಚ್ ಕ್ಲ್ಯಾಂಪ್ ಬಳಸಿ, ನಿಮ್ಮ ಹುಡುಗನ ಜೀನಿನದ್ದೇ 78 ಬದಲಾವಣೆಗಳನ್ನು ಅಳೆದು ಪ್ರಕಟಿಸಿತು. ಕೈಯಿಂದ ಮಾಡಿದ್ದರೆ ಎಷ್ಟು ವರ್ಷ ಹಿಡಿಯುತ್ತಿತ್ತು ಅಂತ ನನಗೆ ಗೊತ್ತು. ಆ ಸುದ್ದಿ ಓದಿದ ದಿನ ನಿಜವಾಗಿಯೂ ಕಣ್ಣು ತುಂಬಿ ಬಂದಿತ್ತು. ಹೀಗೆ ಅಳೆದ ಬದಲಾವಣೆಗಳಲ್ಲಿ ಎಷ್ಟೋ ‘ಖಚಿತವಿಲ್ಲ’ ಪಟ್ಟಿಯಿಂದ ಹೊರಗೆ ಬರುತ್ತವೆ. ನಿಮ್ಮ ಹುಡುಗನದ್ದೂ ಮುಂದೆ ಬರಬಹುದು.

ಅಳೆಯುವುದು ಯಾಕೆ ಅಷ್ಟು ಮುಖ್ಯ ಅಂದರೆ, ಬಾಗಿಲು ಯಾವ ರೀತಿ ಕೆಟ್ಟಿದೆ ಅನ್ನುವುದರ ಮೇಲೆ ಔಷಧಿ ನಿಲ್ಲುತ್ತದೆ. ಡ್ರಾವೆ ಸಿಂಡ್ರೋಮ್ ಅಂತ ಎಳೆ ಮಕ್ಕಳಿಗೆ ಬರುವ ಕಠಿಣ ಅಪಸ್ಮಾರ ಇದೆ. ಜ್ವರ ಬಂದರೆ ಸಾಕು, ಗಂಟೆಗಟ್ಟಲೆ ಸೆಳೆತ ಬರಬಹುದು. ಅದರ ಹೆಚ್ಚಿನ ಮಕ್ಕಳಲ್ಲಿ ಎಸ್‌ಸಿಎನ್1ಎ ಅನ್ನುವ ಸೋಡಿಯಂ ಚಾನೆಲ್ ಜೀನು ಕೆಟ್ಟಿರುತ್ತದೆ ಅಂತ 2001ರಲ್ಲಿ ತಿಳಿಯಿತು. ಈ ಚಾನೆಲ್ ಹೆಚ್ಚು ಕೆಲಸ ಮಾಡುವುದು ಮಿದುಳಿಗೆ ಬ್ರೇಕ್ ಹಾಕುವ ಕೋಶಗಳಲ್ಲಿ. ಬ್ರೇಕೇ ಸೋತಿರುವಾಗ ಸೋಡಿಯಂ ಚಾನೆಲ್ ತಡೆಯುವ ಕಾರ್ಬಮಜೆಪಿನ್‌ನಂಥ ಮಾತ್ರೆ ಕೊಟ್ಟರೆ ಸೆಳೆತ ಇನ್ನೂ ಹೆಚ್ಚುತ್ತದೆ. ಬೇರೆ ಎಷ್ಟೋ ಫಿಟ್ಸಿಗೆ ಅದೇ ಒಳ್ಳೆಯ ಮಾತ್ರೆ.

ಈಗ ನಿಮ್ಮ ಮನೆಯ ವಿಷಯ. ಈ ಕಾಯಿಲೆ ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮನಿಂದ ಬರುತ್ತದೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಆದ್ದರಿಂದ ತಂಗಿ, ಭಾವ, ಹುಡುಗನ ಒಡಹುಟ್ಟಿದವರು ಎಲ್ಲರ ಇಸಿಜಿ ಆಗಬೇಕು. ಇಸಿಜಿ ಸರಿ ಕಂಡರೂ ಕೆಲವರಲ್ಲಿ ಕಾಯಿಲೆ ಇರುತ್ತದೆ, ಅದಕ್ಕೆ ಹೃದಯದ ಡಾಕ್ಟರೇ ನೋಡಲಿ. ಅದೇ ಬದಲಾವಣೆ ಉದ್ದ ಕ್ಯೂಟಿ ಇರುವವರಲ್ಲೇ ಸಿಕ್ಕರೆ ಹುಡುಗನ ರಿಪೋರ್ಟಿನ ಅರ್ಥವೂ ಸ್ವಲ್ಪ ಗಟ್ಟಿಯಾಗುತ್ತದೆ. ನಿಮ್ಮ ನೆಂಟರಲ್ಲಿ ಯಾರಾದರೂ ಹುಟ್ಟಿನಿಂದ ಕಿವುಡಾದ ಮಗು ಇದ್ದು, ಅದೂ ಎಚ್ಚರ ತಪ್ಪುತ್ತಿದ್ದರೆ ತಡ ಮಾಡಬೇಡಿ. ಒಳಗಿವಿಗೂ ಇದೇ ಬಾಗಿಲು ಬೇಕು. ಅಪ್ಪ ಅಮ್ಮ ಇಬ್ಬರಿಂದಲೂ ಈ ಜೀನಿನ ಕೆಟ್ಟ ಪ್ರತಿ ಬಂದರೆ ಕಿವಿಯೂ ಹೃದಯವೂ ಸೋಲುತ್ತವೆ. ಸೋದರಿಕೆಯಲ್ಲಿ ಮದುವೆಯಾಗುವ ಮನೆತನಗಳಲ್ಲಿ ಇದನ್ನು ನೆನಪಿಡಲೇಬೇಕು.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ವಾಂತಿಗೆ ಕೊಡುವ ಡೊಂಪೆರಿಡೋನ್, ಕಫ ಜ್ವರಕ್ಕೆ ಕೊಡುವ ಅಜಿಥ್ರೋಮೈಸಿನ್ ಎರಡೂ ಕ್ಯೂಟಿ ಉದ್ದ ಮಾಡಬಲ್ಲವು. ಭೇದಿ ಜಾಸ್ತಿಯಾಗಿ ಪೊಟ್ಯಾಸಿಯಂ ಇಳಿದರೂ ಅಪಾಯ, ಆಗ ಮನೆಮದ್ದು ಮಾಡುತ್ತಾ ಕೂರಬೇಡಿ. ಹುಡುಗ ಬಿದ್ದು ಉಸಿರಾಡದಿದ್ದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ಜೋರಾಗಿ ಒತ್ತುತ್ತಲೇ ಇರಿ. ಶಾಲೆಯವರಿಗೂ ಇದನ್ನು ಕಲಿಸಿ. ಡಾಕ್ಟರು ಹೇಳುವವರೆಗೆ ಹೊಳೆಗೆ ಇಳಿಸಬೇಡಿ, ಅವನು ಎಷ್ಟೇ ಅತ್ತರೂ.

ರಿಪೋರ್ಟನ್ನು ಜೋಪಾನ ಮಾಡಿ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅದೇ ಲ್ಯಾಬಿಗೆ ‘ಏನಾದರೂ ಬದಲಾಯಿತಾ’ ಅಂತ ಕೇಳಿಸಿ. ತಂಗಿಯ ಇಸಿಜಿ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ.