ಕೆಡವುವ ಮುಂಚೆ ಒಂದು ಸಲ ಮಾಳಿಗೆ ಹತ್ತಿ ನೋಡಿ

ಬೀದರಿನ ಹಳೇ ಶಹರದಿಂದ ಓದುಗರೊಬ್ಬರು ಬರೆದಿದ್ದಾರೆ. ಪತ್ರ ಉದ್ದವಿದೆ, ಸಾರ ಇಷ್ಟು: "ಮದರಸಾದ ಹಿಂದಿನ ಗಲ್ಲಿಯಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ಮನೆ ಇದೆ. ನಾವು ನಾಲ್ವರು ಅಣ್ಣತಮ್ಮಂದಿರು. ಇಬ್ಬರು ಹೈದರಾಬಾದಿನಲ್ಲಿ, ಒಬ್ಬ ಪುಣೆಯಲ್ಲಿ, ಇಲ್ಲಿರುವವನು ನಾನೊಬ್ಬನೇ. ಮಳೆ ಬಂದರೆ ಪಡಸಾಲೆಯಲ್ಲಿ ಬಕೆಟ್ ಇಟ್ಟು ಮಲಗುತ್ತೇವೆ. ಎಲ್ಲ ಕೆಡವಿ ಕೆಳಗೆ ಅಂಗಡಿ, ಮೇಲೆ ಫ್ಲ್ಯಾಟ್ ಕಟ್ಟಿಕೊಡುತ್ತೇನೆ ಅಂತ ಬಿಲ್ಡರ್ ಒಬ್ಬರು ಬೆನ್ನು ಹತ್ತಿದ್ದಾರೆ. ನಿಮ್ಮ ಪತ್ರಿಕೆ ಮಾತ್ರ ಹಳೇ ಮನೆಗಳ ಗುಣಗಾನ ಬಿಡುವುದಿಲ್ಲ. ನೀವಿರುವುದು ಸ್ಲ್ಯಾಬಿನ ಮನೆಯಲ್ಲಿ ಅಂತ ಕೇಳಿದ್ದೇನೆ. ಹಳೇ ಗೋಡೆ ನೋಡುತ್ತ ಕೂತರೆ ಹೊಟ್ಟೆ ತುಂಬುತ್ತದೆಯೇ? ನಮ್ಮ ಶಹರ ಬೆಳೆಯುವುದು ಬೇಡವೇ?"

ಶರಣು. ಸ್ಲ್ಯಾಬಿನ ಮನೆಯ ಸುದ್ದಿ ನಿಜ. ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಅದು ರೊಟ್ಟಿಯ ಹಂಚಿನ ಹಾಗೆ ಕಾದೇ ಇರುತ್ತದೆ. ಅದಕ್ಕೇ ನಿಮ್ಮ ದಪ್ಪ ಗೋಡೆಯ ಮೇಲೆ ನನಗೆ ಇಷ್ಟು ಹೊಟ್ಟೆಕಿಚ್ಚು.

ನಿಮ್ಮ ಕಷ್ಟ ಸುಳ್ಳಲ್ಲ. ಆ ಗೋಡೆ ಜಾಗ ನುಂಗುತ್ತದೆ. ಪಾಯಖಾನೆ ಅಂಗಳದ ಆಚೆ. ಗಲ್ಲಿಯೊಳಗೆ ಕಾರು ಬರುವುದಿಲ್ಲ, ಕಾರು ಬಾರದ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ಅಲ್ಲೇ ದೇವರಾಜ ಮಾರುಕಟ್ಟೆಯ ಒಂದು ತುದಿ ನೆಲಕ್ಕೆ ಬಿತ್ತು. ಮುಂಬೈಯ ಭೆಂಡಿ ಬಜಾರಿನಲ್ಲಿ ಒಂದು ಟ್ರಸ್ಟು ಇಡೀ ಓಣಿಯ ಹಳೇ ಚಾಳುಗಳನ್ನು ಒಟ್ಟಿಗೆ ತೆಗೆದು ಎತ್ತರದ ಕಟ್ಟಡ ಎಬ್ಬಿಸುತ್ತಿದೆ. ಮರದ ಊರುಗೋಲು ಕೊಟ್ಟು ನಿಲ್ಲಿಸಿದ ಚಾಳಿನಲ್ಲಿ ತಲೆಮಾರುಗಟ್ಟಲೆ ಬದುಕಿದವರಿಗೆ ಅದು ಬೇಡ ಎನ್ನಲು ನಾನ್ಯಾರು? ಇಷ್ಟು ಒಪ್ಪಿದೆ. ಇನ್ನು ನನ್ನ ಮಾತು ಕೇಳಿ.

ಮೊದಲು ಆ ಬಿಲ್ಡರ್ ನಿಮಗೆ ಹೇಳದೇ ಬಿಟ್ಟದ್ದು. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸ್ಮಾರಕ ರಕ್ಷಣೆಯ ಕಾನೂನಿಗೆ ಬಂದ 2010ರ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡ ಎಬ್ಬಿಸುವ ಹಾಗಿಲ್ಲ. ಆದರೆ 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಗೆ, ಅನುಮತಿ ತೆಗೆದುಕೊಂಡು, ದುರಸ್ತಿ ಮತ್ತು ನವೀಕರಣ ಮಾಡಿಸಬಹುದು. ಅಂದರೆ ನಿಮ್ಮ ಮನೆ ಆ ನೂರು ಮೀಟರಿನೊಳಗೆ ಬಂದರೆ, ಗೋಡೆ ನಿಂತಿರುವ ತನಕ ನೀವು ಮನೆಯ ಧಣಿ. ಕೆಡವಿದ ಮರುದಿನದಿಂದ ಖಾಲಿ ಜಾಗದ ಧಣಿ. ಅದನ್ನು ಮತ್ತೆ ಮೊದಲಿನ ಅಳತೆಯಲ್ಲೇ ಕಟ್ಟುತ್ತೇನೆ ಅಂದರೂ ಕಾನೂನು ಅದನ್ನು ದುರಸ್ತಿ ಎನ್ನುವುದಿಲ್ಲ. ಹಳೇ ಶಹರದಲ್ಲಿ ಕಸ ಸುರಿಯುವ ಬಯಲಾದ ಎಷ್ಟು ಪ್ಲಾಟುಗಳು ಹೀಗೇ ಹುಟ್ಟಿವೆ ಎಂಬುದನ್ನು ನಿಮ್ಮ ಗಲ್ಲಿಯ ಹಿರಿಯರೇ ಹೇಳುತ್ತಾರೆ. ಅಡ್ವಾನ್ಸ್ ಮುಟ್ಟುವ ಮುಂಚೆ ಟೇಪು ಹಿಡಿಯಿರಿ.

ಇನ್ನು ಬಕೆಟ್ಟಿನ ವಿಷಯ. ನೀವು ಕೊನೆಯ ಸಲ ಮಾಳಿಗೆ ಹತ್ತಿದ್ದು ಯಾವಾಗ? ನಿಮ್ಮ ಅಜ್ಜ ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರ ಮಳೆಯ, ಮುಂಚೆ ಆಳು ಹತ್ತಿಸುತ್ತಿದ್ದರು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಅದರ ಮೇಲೆ ಮಣ್ಣು. ಆ ಮಣ್ಣಿನ ಮೇಲೆ ವರ್ಷವರ್ಷ ಹೊಸ ಮಣ್ಣು ಹಾಕಿ ದಮ್ಮಸು ಬಡಿದು, ಮಾಳಿಗೆ ಅಂಚಿನ ಗಿಡ್ಡ ಗೋಡೆಯಾದ ಕುಂಬಿಯ ಬುಡ ಮುಚ್ಚಿ, ನೀರು ಬೀಳುವ ದೋಣಿ ಸ್ವಚ್ಛ ಮಾಡಿಸಿದರೆ ಮಳೆಗಾಲ ಪಾರು. ನಿಮ್ಮ ತಂದೆಯವರ ಕಾಲಕ್ಕೆ ಆಳು ಸಿಗಲಿಲ್ಲ, ಮಣ್ಣಿನ ಮೇಲೆ ಸಿಮೆಂಟ್ ಬಳಿದರು. ಸಿಮೆಂಟು ಬಿಸಿಲಿಗೆ ಕೂದಲೆಳೆಯಷ್ಟು ಬಿರಿಯಿತು, ಬಿರುಕಿನಲ್ಲಿ ಇಳಿದ ನೀರು ಒಣಗಲು ದಾರಿ ಸಿಗದೆ ಮಣ್ಣಿನಲ್ಲೇ ಕೂತಿತು, ಜಂತಿ ಗೋಡೆಯೊಳಗೆ ಹೊಕ್ಕ ತುದಿಯಿಂದ ಕೊಳೆಯತೊಡಗಿತು. ಹೊರಗಿನ ಗೋಡೆಗೂ ಸಿಮೆಂಟ್ ಗಿಲಾವು ಮಾಡಿಸಿದ್ದರೆ ಅದನ್ನೂ ನೋಡಿ. ಬೀದರಿನ ಕೆಂಪು ಜಂಬಿಟ್ಟಿಗೆ ತೂತು ತೂತು ಕಲ್ಲು, ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಿಗಿದರೆ ಕುಡಿದದ್ದನ್ನು ಬಿಡಲಾರದು. ಒಳಗಿನ ಉಪ್ಪು ಉಬ್ಬಿ ಗಿಲಾವಿನ ಜೊತೆ ಕಲ್ಲಿನ ಮುಖವೂ ಕಿತ್ತು ಬರುತ್ತದೆ. ಜನ ಅದನ್ನು ನೋಡಿ "ಗೋಡೆ ಸತ್ತದ" ಅನ್ನುತ್ತಾರೆ.

ತಿಳಿದ ಬಡಿಗ ಸಿಕ್ಕರೆ ಜಂತಿ ಪೂರಾ ಬದಲಿಸಬೇಕಿಲ್ಲ. ತಳದಿಂದ ಆಸರೆ ಕೊಟ್ಟು, ಕೊಳೆತ ತುದಿಯಷ್ಟನ್ನೇ ಕೊಯ್ದು, ಗಟ್ಟಿ ಸಾಗವಾನಿ ತುಂಡನ್ನು ಓರೆಯಾಗಿ ಜೋಡಿಸಿ ಬೋಲ್ಟ್ ಬಿಗಿಯುತ್ತಾನೆ. ಗಾರೆ ಬಲ್ಲ ಗೌಂಡಿ ಸಿಮೆಂಟ್ ಕೆತ್ತಿ ಸುಣ್ಣ ಹಚ್ಚುತ್ತಾನೆ. ಸುಣ್ಣಕ್ಕೆ ಅವಸರ ಆಗದು, ವಾರಗಟ್ಟಲೆ ನೆನೆಯಬೇಕು, ಅರೆಯಬೇಕು, ಹಚ್ಚಿದ ಮೇಲೂ ನಿಧಾನಕ್ಕೆ ಗಟ್ಟಿಯಾಗುತ್ತದೆ. ನಿಮ್ಮ ಮನೆಯ ಪಕ್ಕದಲ್ಲೇ ಸಾಕ್ಷಿ ಇದೆಯಲ್ಲ. 1472ರ ಮದರಸಾ, ಹದಿನೇಳನೇ ಶತಮಾನದ ಕೊನೆಗೆ ಒಳಗಿಟ್ಟ ಮದ್ದು ಸಿಡಿದು ಮುಂಭಾಗದ ಒಂದು ಪಾಲು, ಒಂದು ಮಿನಾರು ಹಾರಿಹೋದ ಮೇಲೂ ಮೂರು ಅಂತಸ್ತು ಎತ್ತಿಕೊಂಡು ನಿಂತಿದೆ. ಅದರ ಮುಂದೆ ನಿಮ್ಮ ನಾಲ್ಕು ಜಂತಿ ಯಾವ ಲೆಕ್ಕ?

"ಹೊಟ್ಟೆ ತುಂಬುತ್ತದೆಯೇ" ಅಂತ ಕೇಳಿದಿರಿ. ಒಳ್ಳೆಯ ಪ್ರಶ್ನೆ. ಹಳೇ ಮನೆಯ ಪರ ಮಾತಾಡುವವರು ಈ ಪ್ರಶ್ನೆ ಬಂದ ಕೂಡಲೇ ಸಂಸ್ಕೃತಿ, ಪರಂಪರೆ ಅಂತ ಮಾತು ತೇಲಿಸುತ್ತಾರೆ. ನಾನು ಬಾಡಿಗೆಯ ಬಗ್ಗೆ ಮಾತಾಡುತ್ತೇನೆ. ನ್ಯೂಯಾರ್ಕಿನ ಜೇನ್ ಜೇಕಬ್ಸ್ ಎಂಬ ಹೆಣ್ಣುಮಗಳು 1961ರಲ್ಲೇ ಇದನ್ನು ಬಿಡಿಸಿ ಬರೆದಿದ್ದಳು. ಹೊಸ ಕಟ್ಟಡದ ಬಾಡಿಗೆಯಲ್ಲಿ ಕಟ್ಟಿದ ಸಾಲದ ಕಂತೂ ಸೇರಿರುತ್ತದೆ, ಅದನ್ನು ಕೊಡಬಲ್ಲವರು ಬ್ಯಾಂಕು, ದೊಡ್ಡ ಶೋರೂಮು, ಚೈನ್ ಅಂಗಡಿ. ಈಗಷ್ಟೇ ಕಸುಬು ಶುರು ಮಾಡುವವನಿಗೆ, ಲಾಭ ಬಂದೀತೋ ಇಲ್ಲವೋ ಗೊತ್ತಿಲ್ಲದವನಿಗೆ, ಕಟ್ಟಿದ ಖರ್ಚು ಎಂದೋ ತೀರಿಹೋದ ಹಳೇ ಕೋಣೆಯೇ ಗತಿ. ಅವಳು ನೋಡಿದ್ದು ಅಮೆರಿಕದ ಓಣಿಗಳನ್ನು. ಹಳೇ ಶಹರದ ನಡುವಿನ ಕಾವಲು ಗೋಪುರ ಚೌಬಾರಾದ ಸುತ್ತ ಒಂದು ಸುತ್ತು ಹಾಕಿದರೆ ನಿಮಗೂ ಕಾಣುತ್ತದೆ. ಹೊಲಿಗೆಯವನು, ಬಳೆಯವನು, ಗಡಿಯಾರ ರಿಪೇರಿಯವನು, ಮಂಡಕ್ಕಿ ಭಟ್ಟಿ. ಯಾರೂ ಹೊಸ ಕಾಂಪ್ಲೆಕ್ಸಿನ ಡಿಪಾಜಿಟ್ ಕೊಡುವ ಪೈಕಿ ಅಲ್ಲ.

ಬಿದರಿ ಕೆಲಸದ ಕೋಣೆ ನೀವು ನೋಡಿಯೇ ಇರುತ್ತೀರಿ, ಆದರೂ ಬೇರೆ ಊರಿನ ಓದುಗರಿಗಾಗಿ ಹೇಳುತ್ತೇನೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ. ಅದಕ್ಕೆ ಮೈಲುತುತ್ತ ಬಳಿದು ಕಪ್ಪು ಮಾಡಿ, ಉಳಿಯಿಂದ ಬಳ್ಳಿ ಕೊರೆದು, ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಉಜ್ಜಿದ ಮೇಲೆ ಹೂಜಿ ಮತ್ತೆ ಬೂದು, ಬೆಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಕೊನೆಗೆ ಕೋಟೆಯ ಹಳೇ ಭಾಗದಿಂದ ತಂದ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಹೂಜಿಗೆ ತಿಕ್ಕುತ್ತಾರೆ. ಕಣ್ಣೆದುರೇ ಲೋಹ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಎದ್ದು ಬರುತ್ತದೆ. ಮಳೆ ಬಿಸಿಲು ತಾಗದ ಹಳೇ ಗೋಡೆಯ ಮಣ್ಣೇ ಬೇಕು, ಹೊಲದ ಮಣ್ಣು ನಡೆಯದು ಅನ್ನುತ್ತಾರೆ ಕುಶಲಕರ್ಮಿಗಳು. ಕೆಲವರು ಮಣ್ಣನ್ನು ನಾಲಗೆಯ ಮೇಲಿಟ್ಟು ನೋಡಿಯೇ ಆರಿಸುತ್ತಾರೆ. ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ಕಸುಬು ಇದು. ನೆಲದ ಮೇಲೆ ಕೂತು, ಹೊಗೆ ಎಬ್ಬಿಸಿ, ದಿನವಿಡೀ ಟಕಟಕ ಸದ್ದು ಮಾಡುವ ಈ ಕೆಲಸಕ್ಕೆ ಯಾವ ಫ್ಲ್ಯಾಟಿನ ಸೊಸೈಟಿ ಜಾಗ ಕೊಟ್ಟೀತು? ಅದಕ್ಕೆ ನಿಮ್ಮ ಮನೆಯಂಥ ಮನೆಯ ಬೀದಿಕಡೆಯ ಕೋಣೆ ಬೇಕು.

ಕಲಬುರಗಿಯಲ್ಲಿ ನನ್ನ ಗೆಳೆಯರೊಬ್ಬರು ನಿಮ್ಮ ಬಿಲ್ಡರ್ ಹೇಳುವ ದಾರಿಯಲ್ಲೇ ಹೋದರು. ಹಳೇ ವಾಡೆ, ಅಂಗಳದಲ್ಲಿ ಜೋಳ ತುಂಬುವ ಹಗೇವು, ಆಳೆತ್ತರದ ಸಾಗವಾನಿ ಬಾಗಿಲು. ಬಾಗಿಲು ಕಿಲೋ ಲೆಕ್ಕದಲ್ಲಿ ಹೋಯಿತು. ಹಗೇವು ತುಂಬಿಸಲು ಟಿಪ್ಪರುಗಟ್ಟಲೆ ಮುರುಮು ಬೇಕಾಯಿತು, ಆ ಖರ್ಚನ್ನೂ ಅವರ ಪಾಲಿನಲ್ಲೇ ಹಿಡಿದರು. ಈಗ ಅಲ್ಲಿ ಮೂರು ಅಂತಸ್ತು. ಕೆಳಗಿನ ಶಟರುಗಳಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿಗಳಿವೆ, ಮೇಲಿನ ಎರಡು ಅಂತಸ್ತಿನ ಕಿಟಕಿಗೆ "ಬಾಡಿಗೆಗೆ ಇದೆ" ಬೋರ್ಡು ಬಿಸಿಲಿಗೆ ಬಣ್ಣಗೆಟ್ಟಿದೆ. ಮೊದಲು ಆ ವಾಡೆಯ ಹೊರಕೋಣೆಗಳಲ್ಲಿ ಇದ್ದ ಕಲಾಯಿಯವನು, ಗಾದಿ ಹೊಲಿಯುವವನು, ಪುಸ್ತಕಕ್ಕೆ ರಟ್ಟು ಹಾಕುವವನು ಎಲ್ಲಿ ಹೋದರೋ. ನನ್ನ ಹಳೇ ಸಂಚಿಕೆಗಳಿಗೆ ರಟ್ಟು ಹಾಕಿಸಲು ಈಗ ಸೊಲ್ಲಾಪುರಕ್ಕೆ ಕಳಿಸುತ್ತೇನೆ.

"ಶಹರ ಬೆಳೆಯುವುದು ಬೇಡವೇ" ಅಂದಿರಿ. ಬೆಳೆಯಲಿ, ಯಾರು ಬೇಡ ಅಂದರು? ಹೊಸ ಬಡಾವಣೆಗೆ ನೌಬಾದ್ ಕಡೆ ಬೇಕಾದಷ್ಟು ಜಾಗ ಇದೆ. ಹಳೇ ಶಹರ ಬೆಳೆಯಬೇಕಾದದ್ದು ಒಳಗಿನಿಂದ. ಅಹಮದಾಬಾದನ್ನು ನೋಡಿ. ಅಲ್ಲಿನ ಪೋಳ್‌ಗಳು, ಅಂದರೆ ಹಳೇ ಓಣಿಗಳು, ನಮ್ಮ ಗಲ್ಲಿಗಳಿಗಿಂತ ಇಕ್ಕಟ್ಟು. 2017ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ನಗರವೆಂದು ಪಟ್ಟಿಗೆ ಸೇರಿದ ದೇಶದ ಮೊದಲ ಊರು ಅದು. ಅಲ್ಲಿ ಪಾರಂಪರಿಕ ಮನೆಯ ಧಣಿ ತಾನು ಎತ್ತರ ಕಟ್ಟದೆ ಬಿಟ್ಟ ಹಕ್ಕನ್ನು ಹೊಸ ಬಡಾವಣೆಯ ಬಿಲ್ಡರಿಗೆ ಮಾರಿ, ಆ ದುಡ್ಡಿನಲ್ಲಿ ಮನೆ ದುರಸ್ತಿ ಮಾಡಿಸುವ ವ್ಯವಸ್ಥೆ ಇದೆ. ಅದಕ್ಕೆ ಟಿಡಿಆರ್, ಅಂದರೆ ಕಟ್ಟುವ ಹಕ್ಕಿನ ವರ್ಗಾವಣೆ ಅಂತಾರೆ. ನಮ್ಮಲ್ಲಿ ಟಿಡಿಆರ್ ಅಂದರೆ ರಸ್ತೆ ಅಗಲ ಮಾಡಲು ಮನೆಯ ಮೂತಿ ಕೊಯ್ಯಿಸಿಕೊಂಡವರಿಗೆ ಸಿಗುವ ಕಾಗದ ಎಂದೇ ಜನರ ತಿಳಿವಳಿಕೆ. ಮೂತಿ ಉಳಿಸಿಕೊಂಡವರಿಗೂ ಏನಾದರೂ ಸಿಗಲಿ ಅಂತ ನಮ್ಮ ಶಾಸಕರು ಸದನದಲ್ಲಿ ಎದ್ದುನಿಂತು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಇಲ್ಲಿಗೆ ಬಂದಾಗ ನನಗೆ ಸಿಟ್ಟು ತಡೆಯುವುದಿಲ್ಲ. ಭೂಪಟದ ತುದಿಯಲ್ಲಿದೆ ಅಂತ ಬೀದರಿಗೆ "ಕರ್ನಾಟಕದ ಕಿರೀಟ" ಎಂಬ ಬಿರುದು. ಕಿರೀಟಕ್ಕೆ ತಲೆಯ ಯೋಗಕ್ಷೇಮ ಕೇಳುವವರಿಲ್ಲ. ಸ್ಮಾರಕಗಳ ರಕ್ಷಣೆಗೆ ದುಡಿಯುವ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2014ರ ಕಾಳಜಿಪಟ್ಟಿಯಲ್ಲಿ ಹೆಸರಿಸಿದ್ದು ಒಂದು ಕೋಟೆಯನ್ನೋ ಗುಂಬಜನ್ನೋ ಅಲ್ಲ, ಐತಿಹಾಸಿಕ ಬೀದರ್ ನಗರವನ್ನು, ಅಂದರೆ ನಿಮ್ಮ ಗಲ್ಲಿಯೂ ಸೇರಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವೂ ಆಯಿತು. ಅನುದಾನ ಬರುತ್ತದೆ, ಬಂದದ್ದು ಭವನವಾಗುತ್ತದೆ. ಆ ಭವನ, ಈ ಭವನ, ಭವನದ ಮುಂದೆ ಕಾರಂಜಿ, ಕಾರಂಜಿಗೆ ನೀರಿಲ್ಲ. ಹಳೇ ಶಹರದ "ಪುನಶ್ಚೇತನ" ಅಂದಾಗೆಲ್ಲ ನಾನು ಕಂಡದ್ದು ಚೌಕಕ್ಕೆ ಬಣ್ಣದ ದೀಪ, ನೆಲಕ್ಕೆ ಪೇವರ್ ಬ್ಲಾಕು, ಗೋಡೆಗೆ ಚಿತ್ರ. ಸೆಲ್ಫಿ ತೆಗೆದುಕೊಂಡು ಹೋಗುವವರಿಗೆ ಅಷ್ಟು ಸಾಕು. ಅಲ್ಲೇ ಮಲಗಿ ಏಳುವವರಿಗೆ ಬೇಕಾದದ್ದು ಒಳಚರಂಡಿ, ದಿನಾ ನಳದಲ್ಲಿ ನೀರು, ಗಲ್ಲಿಯ ಬಾಯಲ್ಲಿ ನಾಲ್ಕು ಗಾಡಿ ನಿಲ್ಲಿಸುವ ಜಾಗ, ಮಾಳಿಗೆ ದುರಸ್ತಿಗೆ ಕಡಿಮೆ ಬಡ್ಡಿಯ ಸಾಲ. ಬ್ಯಾಂಕಿನಲ್ಲಿ ಹೊಸ ಮನೆಗೆ ಸಾಲ ಕೇಳಿ, ಕುರ್ಚಿ ಕೊಟ್ಟು ಕೂರಿಸುತ್ತಾರೆ. ಜಂತಿ ಬದಲಿಸಬೇಕು ಅನ್ನಿ, ಅದೇ ಮ್ಯಾನೇಜರ್ ನಿಮ್ಮನ್ನು ಅಡಿಯಿಂದ ಮುಡಿಯ ತನಕ ನೋಡುತ್ತಾನೆ. ಸಿವಿಲ್ ಇಂಜಿನಿಯರಿಂಗ್ ಓದಿ ಬಂದ ನಮ್ಮ ಹುಡುಗರಿಗೆ ಸುಣ್ಣ ಎಷ್ಟು ದಿನ ನೆನೆಯಬೇಕು ಎಂದು ಕೇಳಿದರೆ, ಎಲೆ ಅಡಿಕೆಯ ಸುಣ್ಣವೇ ಸರ್ ಅಂತಾರೆ. ಜಂಬಿಟ್ಟಿಗೆಯ ಗುಡ್ಡದ ಮೇಲೆ ಕೂತ ಊರಿನ ಮಕ್ಕಳು ಇವರು.

ನಿಮ್ಮ ಮೇಲೆ ನನ್ನ ತಕರಾರು ಒಂದೇ. ಪತ್ರದಲ್ಲಿ ಮೂರು ಕಡೆ "ಹಳೇ ಸಾಮಾನು" ಅಂತ ಬರೆದಿದ್ದೀರಿ. ಅದರ ನಡುವೆಯೇ, ತಂದೆಯವರು ಬೇಸಿಗೆಯಲ್ಲಿ ಪಡಸಾಲೆಯ ಫರ್ಸಿಯ ಮೇಲೆ ಬರೀ ಮೈಯಲ್ಲಿ ಮಲಗುತ್ತಿದ್ದರು, ಫ್ಯಾನು ಬೇಕಾಗುತ್ತಿರಲಿಲ್ಲ ಎಂಬ ಸಾಲೂ ಇದೆ. ಕೇಳದೇ ಇದ್ದರೂ ಬರೆದಿರಿ. ಕೆಡವಲು ಪೂರಾ ಮನಸ್ಸಿದ್ದವರು ಸಂಪಾದಕನಿಗೆ ನಾಲ್ಕು ಪುಟ ಬರೆಯುವುದಿಲ್ಲ, ಜೆಸಿಬಿಯವನಿಗೆ ಫೋನ್ ಮಾಡುತ್ತಾರೆ.

ಅಣ್ಣತಮ್ಮಂದಿರ ಮಾತು ಕೊನೆಗೆ ಇಟ್ಟುಕೊಂಡಿದ್ದೆ, ಏಕೆಂದರೆ ನಿಜವಾದ ಸೋರಿಕೆ ಅಲ್ಲೇ ಇದೆ. ಪಾಲಾಗದ ಮನೆಗೆ ಯಾರೂ ಸುಣ್ಣ ಹಚ್ಚಿಸುವುದಿಲ್ಲ. ನಾನು ಖರ್ಚು ಮಾಡಿದರೆ ನಾಳೆ ನಾಲ್ಕು ಪಾಲು ಕೇಳುತ್ತಾರೆ ಎಂಬ ಹೆದರಿಕೆ ಇಲ್ಲಿರುವವನಿಗೆ, ಇರುವವನೇ ನುಂಗಿಬಿಡುತ್ತಾನೆ ಎಂಬ ಗುಮಾನಿ ಹೊರಗಿರುವವರಿಗೆ. ಈ ಸಲ ಹಬ್ಬಕ್ಕೆ ಮೂವರೂ ಬಂದಾಗ ಒಬ್ಬ ವಕೀಲರನ್ನು ಕರೆದು ಕಾಗದ ಮಾಡಿಸಿ. ಮನೆಯ ಒಡೆತನ ನಾಲ್ವರದೂ ಹಾಗೇ ಇರಲಿ. ದುರಸ್ತಿಗೆ ಯಾರು ಎಷ್ಟು ಹಾಕಿದರು ಎಂಬುದು ಬರಹದಲ್ಲಿ ಇರಲಿ. ಬೀದಿಕಡೆಯ ಎರಡು ಕೋಣೆಗಳ ಬಾಡಿಗೆಯಿಂದ ಮೊದಲು ಆ ಖರ್ಚು ತೀರಲಿ, ಆಮೇಲೆ ಉಳಿದದ್ದು ಸಮಪಾಲು. ಮೊದಲ ಹಂತದಲ್ಲಿ ಮಾಳಿಗೆ ಮತ್ತು ಮನೆಯೊಳಗೊಂದು ಪಾಯಖಾನೆ, ಅಷ್ಟೇ. ಗಿಲಾವು, ಬಣ್ಣ, ಬಾಗಿಲ ಕೆತ್ತನೆ ಎಲ್ಲ ಮುಂದಿನ ವರ್ಷಕ್ಕಿರಲಿ. ನಿಷೇಧಿತ ವಲಯದೊಳಗಿದ್ದರೆ ದುರಸ್ತಿಯ ಅರ್ಜಿಯನ್ನು ಇವತ್ತೇ ಹಾಕಿ, ಕಾಗದ ಓಡಾಡಲು ತಿಂಗಳುಗಳೇ ಹಿಡಿಯುತ್ತವೆ. ಅರ್ಜಿಯ ಜೊತೆ ಮನೆ ಹಳೆಯದು ಎಂದು ತೋರಿಸುವ ಖಾತಾ ಉತಾರ, ಹಳೇ ಕರದ ರಸೀದಿ, ಈಗಿನ ಸ್ಥಿತಿಯ ಫೋಟೊ ಇಡಿ. ಗಾರೆ ಬಲ್ಲ ಗೌಂಡಿಯ ವಿಳಾಸ ಬೇಕಿದ್ದರೆ ನಮ್ಮ ಕಚೇರಿಗೆ ಫೋನ್ ಮಾಡಿ. ಒಬ್ಬರಿದ್ದಾರೆ, ಬಾಯಿ ಜೋರು, ಕೆಲಸ ಚೊಕ್ಕ, ಮಿರಗ ಹತ್ತಿರ ಬಂದರೆ ಸಿಗುವುದಿಲ್ಲ.

ಸಂಪಾದಕ