ಆಂಗಲ್ ಅಂದ್ರೆ ಮೊದಲು ಗಾಳ

ನೀವು ಕೇಳಿರೋದು 1611ರ ಇಂಗ್ಲಿಷ್ ಬೈಬಲ್‌ನ ಯೆಶಾಯ 19:8ರಲ್ಲಿ ಮೀನುಗಾರರು ತೊರೆಗೆ 'ಆಂಗಲ್' ಎಸೀತಾರೆ ಅಂತಿದೆಯಲ್ಲ, ಜಾಮಿಟ್ರಿ ಆಂಗಲ್‌ಗೂ ಮೀನಿಗೂ ಏನ್ ಸಂಬಂಧ ಅಂತ. ಅಲ್ಲಿ ಆಂಗಲ್ ಅಂದ್ರೆ ಕೋನ ಅಲ್ಲ, ಗಾಳ. ಹಳೇ ಇಂಗ್ಲಿಷ್‌ನಲ್ಲೇ ಇದ್ದ ಪದ, ಮೊದಲು ಬರೀ ಕೊಕ್ಕೆಗೆ ಹೇಳ್ತಿದ್ರು, ಆಮೇಲೆ ಕೋಲು ದಾರ ಎಲ್ಲಾ ಸೇರಿಸಿ ಅದೇ ಹೆಸರು ಬಂತು, ಈಗ ಆ ನಾಮಪದ ಸತ್ತೇಹೋಗಿದೆ, ಆಂಗ್ಲರ್ (ಗಾಳ ಹಾಕೋನು), ಆಂಗ್ಲಿಂಗ್ (ಗಾಳ ಹಾಕಿ ಮೀನು ಹಿಡಿಯೋದು) ಥರದ ಪದಗಳು ಉಳ್ಕೊಂಡಿವೆ. ಜರ್ಮನ್‌ನಲ್ಲಿ ಇವತ್ತಿಗೂ ಗಾಳದ ಕೋಲಿಗೆ ಆಂಗೆಲ್ ಅಂತಾನೇ ಅನ್ನೋದು.

ಕೋನದ ಆಂಗಲ್ ಬಂದಿದ್ದು ಬೇರೆ ದಾರೀಲಿ, ಲ್ಯಾಟಿನ್‌ನ ಆಂಗುಲುಸ್‌ನಿಂದ ಫ್ರೆಂಚ್ ಮೂಲಕ. ಆದ್ರೆ ಇನ್ನೂ ಹಿಂದಕ್ಕೆ ಹೋದ್ರೆ ಎರಡೂ 'ಬಾಗೋದು' ಅನ್ನೋ ಅರ್ಥದ ಒಂದೇ ಬೇರಿಗೆ ಸೇರ್ತವೆ, ಮಜಾ ಏನಂದ್ರೆ ನಮ್ಮ ಮಾವುತರ ಕೈಲಿರೋ ಅಂಕುಶಾನೂ (ಸಂಸ್ಕೃತದ್ದು) ಅದೇ ಮನೆತನದ್ದು! ದೇವದೂತ ಏಂಜೆಲ್ ಮಾತ್ರ ಗ್ರೀಕ್‌ನಿಂದ ಬಂದ ಬೇರೆ ಪದ, ಸ್ಪೆಲಿಂಗ್ ನೋಡಿ ಮೋಸಹೋಗ್ಬೇಡಿ.

ಇಂಗ್ಲಿಷ್‌ನಲ್ಲಿ ಯಾರಾದ್ರೂ ಹೊಗಳಿಕೆಗೆ 'ಆಂಗಲ್' ಮಾಡ್ತಿದಾರೆ ಅಂದ್ರೆ ಸುತ್ತಿಬಳಸಿ ಹೊಗಳಿಸ್ಕೊಳ್ಳೋಕೆ ನೋಡ್ತಿದಾರೆ ಅಂತ, ನಾವೂ ಗಾಳ ಹಾಕ್ತಿದಾನೆ ಅಂತೀವಲ್ಲ, ಹಾಗೇ.